ಬೀಗದ ಕೈ ಫೋಟೋ ಪೇಜಲ್ಲೇ ಇದೆ

ಹೋದ ವಾರ ಶಿಡ್ಲಘಟ್ಟದ ಮನೆಗೆ ಅಮ್ಮನ ಹೊಸ ಪಾಸ್‌ಪೋರ್ಟ್ ಬಂತು, ಅಕ್ಕನ ಬಾಣಂತನಕ್ಕೆ ಹೊರಟಿದಾರೆ. ರಟ್ಟಿನ ಮೇಲೆ ಚಿನ್ನದ ಬಣ್ಣದ ಪುಟ್ಟ ಗುರುತು, ಅಂದ್ರೆ ಒಳಗೆ ಫೋಟೋ, ವಿವರ ತುಂಬಿರೋ ಎಲೆಕ್ಟ್ರಾನಿಕ್ ಚಿಪ್ಪಿದೆ. ಅಮ್ಮ ಮೊದಲು ಕೇಳಿದ್ದೇ "ಬಸ್ಸಲ್ಲಿ ಪಕ್ಕ ನಿಂತೋನು ಮಷೀನ್ ಹಿಡಿದು ಎಲ್ಲಾ ಎಳ್ಕೊಂಡ್ರೆ?" ಅಂತ.

ಸರಿಯಾದ ಪ್ರಶ್ನೆ. ಚಿಪ್ಪು ಸುಮ್ನೆ ಬಾಯಿ ಬಿಡಲ್ಲ, ಮಷೀನ್ ಹತ್ತು ಸೆಂಟಿಮೀಟರ್ ಒಳಗೆ ಬಂದ್ರೂ ಮೊದಲು ಬೀಗದ ಕೈ ಕೇಳುತ್ತೆ. ಆ ಕೈ ಎಲ್ಲಿದೆ ಅಂದ್ರೆ ಫೋಟೋ ಇರೋ ಪೇಜಿನ ಕೆಳಗೆ 44 ಅಕ್ಷರದ ಎರಡು ಸಾಲು ಇರುತ್ತಲ್ಲ, ಅಲ್ಲಿ! ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಮುಗಿಯೋ ದಿನ, ಒಂದೊಂದರ ಹಿಂದೆ ತಪ್ಪು ಹಿಡಿಯೋಕೆ ಒಂದು ಚೆಕ್ ಅಂಕಿ, ಇಷ್ಟನ್ನ ಸೇರಿಸಿ ಹ್ಯಾಶ್ ಮಾಡಿ, ಅಂದ್ರೆ ಲೆಕ್ಕ ಹಾಕಿ ಹಿಂದಕ್ಕೆ ಬಿಡಿಸಲಾಗದ ಒಂದು ಚಿಕ್ಕ ಗುರುತಾಗಿ ಮಾಡಿ, ಕೀ ಹುಟ್ಟಿಸ್ತಾರೆ, ಇದಕ್ಕೆ ಬೇಸಿಕ್ ಆಕ್ಸೆಸ್ ಕಂಟ್ರೋಲ್ ಅಂತಾರೆ. ಮುಚ್ಚಿರೋ ಪಾಸ್‌ಪೋರ್ಟ್ ಬ್ಯಾಗಲ್ಲಿದ್ರೆ ಆ ಸಾಲು ಯಾರಿಗೂ ಕಾಣಲ್ಲ, ಹಾಗಾಗಿ ಅಮ್ಮ ಬಸ್ಸಲ್ಲಿ ನಿರಾಳವಾಗಿ ಕೂರಬಹುದು. ಆದ್ರೆ ನಮ್ಮ ನಂಬರ್ ಒಂದು ಅಕ್ಷರ ಏಳು ಅಂಕಿ ಅಷ್ಟೆ, ಹುಟ್ಟಿದ ದಿನ ಊರಿಗೆಲ್ಲ ಗೊತ್ತಿರುತ್ತೆ, ಆ ಕೀ ಊಹೆ ಮಾಡೋದು ಅಷ್ಟೇನೂ ಕಷ್ಟ ಅಲ್ಲ. ಅದಕ್ಕೇ ಆಮೇಲೆ ಪೇಸ್ ಅನ್ನೋ ವಿಧಾನ ತಂದ್ರು, ಅದರಲ್ಲಿ ಡಿಫಿ-ಹೆಲ್ಮನ್, ಅಂದ್ರೆ ಗುಟ್ಟನ್ನ ಕಳಿಸದೇನೇ ಇಬ್ಬರೂ ಒಂದೇ ಕೀ ಮಾಡ್ಕೊಳ್ಳೋ ಲೆಕ್ಕ, ಇರೋದ್ರಿಂದ ಚಿಪ್ಪು-ಮಷೀನ್ ಮಾತುಕತೆ ಕದ್ದು ಕೇಳಿಟ್ಕೊಂಡೋನು ಮನೇಲಿ ಕೂತು ಕೀ ಹುಡುಕಕ್ಕಾಗಲ್ಲ.

ಒಳಗಿರೋ ಫೋಟೋ ಬದಲಾಯಿಸೋದಂತೂ ಆಗದ ಮಾತು. ಚಿಪ್ಪಲ್ಲಿರೋ ಪ್ರತಿ ಭಾಗದ ಹ್ಯಾಶ್‌ಗೂ ಸರ್ಕಾರದ ಡಿಜಿಟಲ್ ಸಹಿ ಇರುತ್ತೆ, ಒಂದು ಚುಕ್ಕಿ ಆಚೀಚೆ ಆದ್ರೂ ಏರ್‌ಪೋರ್ಟಲ್ಲಿ ಸಹಿ ಚೆಕ್ ಮಾಡಿದ ತಕ್ಷಣ ಗೊತ್ತಾಗುತ್ತೆ. ಪೂರ್ತಿ ಹಂಗೇ ನಕಲು ಮಾಡಿದ್ರೆ ಈ ಸಹಿ ಹಿಡಿಯಲ್ಲ, ಅದಕ್ಕೆ ಬೇರೆ ಪರೀಕ್ಷೆ, ಚಿಪ್ಪಿನಿಂದ ಎಂದೂ ಆಚೆ ಬರದ ಗುಟ್ಟಿನ ಕೀ ತನ್ನ ಹತ್ರ ಇದೆ ಅಂತ ಚಿಪ್ಪೇ ಸಾಬೀತು ಮಾಡ್ಬೇಕು. ನನಗೆ ಇದು ತುಂಬಾ ಇಷ್ಟವಾದ ಭಾಗ.

ಇಷ್ಟೆಲ್ಲ ಹೇಳಿ ಮುಗಿಸೋ ಹೊತ್ತಿಗೆ ಟಿಕೆಟ್ ಏಜೆಂಟ್ ಮೆಸೇಜ್ ಬಂತು, "ಫೋಟೋ ಪೇಜ್ ವಾಟ್ಸಾಪ್ ಮಾಡಿ." ನನಗೆ ಹೊಟ್ಟೆ ಚುರ್ ಅಂತು, ಆ ಎರಡು ಸಾಲೇ ಬೀಗದ ಕೈ ಅಂತ ಈಗಷ್ಟೇ ಅಮ್ಮಂಗೆ ಹೇಳಿದ್ದೆ. ಟಿಕೆಟ್‌ಗೆ ಹೆಸರು, ನಂಬರ್, ತಾರೀಖು ಟೈಪ್ ಮಾಡಿ ಕಳಿಸಿದ್ರೂ ಸಾಕಾಗುತ್ತಾ ಅಂತ ಏಜೆಂಟನ್ನ ಕೇಳಿದೆ, ಒಪ್ಪಿದ್ರು. ಅದೂ ಗುಟ್ಟೇ, ಆದ್ರೆ ಮುಖ ಸಹಿ ಎಲ್ಲ ಇರೋ ಪೇಜು ಯಾರದೋ ಗ್ಯಾಲರೀಲಿ ಬಿದ್ದಿರಲ್ಲ. ಆಮೇಲೆ ವೀಸಾ ಕಾಪಿಗೆ ಜೆರಾಕ್ಸ್ ಅಂಗಡಿಗೆ ಹೋದ್ವಿ, ಆ ಕಂಪ್ಯೂಟರ್ ಡೆಸ್ಕ್‌ಟಾಪ್ ತುಂಬ ಯಾರ್ಯಾರದ್ದೋ ಸ್ಕ್ಯಾನು. ಅಮ್ಮನೇ ಮುಂದೆ ಹೋಗಿ "ನಂದು ಅಳಿಸಪ್ಪ, ರೀಸೈಕಲ್ ಬಿನ್ನಿಂದಾನೂ" ಅಂತ ಅಂದ್ರು, ಹುಡುಗ ಅಳಿಸೋವರೆಗೂ ಕೌಂಟರ್ ಬಿಟ್ಟು ಅಲ್ಲಾಡಲಿಲ್ಲ.