ಹಾಲಿನ ಲೆಕ್ಕದ ಪಕ್ಕ ಕೆಂಪು ಚುಕ್ಕೆ

ಹೋದ ವರ್ಷ ಜನವರಿ, ಮೈಸೂರಿನ ಚಳಿ, ಮನೆಯವ್ರು ಎರಡು ರಗ್ಗು ಹೊದ್ದು ಮಲಗಿದ್ರು, ನಾನು ರಾತ್ರಿ ಎರಡೂವರೆಗೆ ಎದ್ದು ಫ್ಯಾನ್ ಹಾಕಿದೆ. ಎದೆಯಿಂದ ಶುರುವಾಗಿ ಕತ್ತು, ಕಿವಿ, ನೆತ್ತಿ ತನಕ ಬಿಸಿ ಏರ್ತಾ ಹೋಗುತ್ತೆ, ಎರಡು ಮೂರು ನಿಮಿಷ ಅಷ್ಟೆ, ಆಮೇಲೆ ನೈಟಿ ಬೆನ್ನಿಗೆ ಅಂಟ್ಕೊಳ್ಳೋಷ್ಟು ಬೆವರು, ಅದು ಆರಿದ್ಮೇಲೆ ನಡುಕ. ನನಗೆ ಆಗ 45. ಪಿರಿಯಡ್ಸ್ ಇನ್ನೂ ಬರ್ತಾನೇ ಇತ್ತು, ಹಾಗಾಗಿ ಮುಟ್ಟು ನಿಲ್ಲೋದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೀಲೇ ಇಲ್ಲ. ಬಿಪಿ ಇರಬೇಕು ಅಂದ್ಕೊಂಡೆ. ನೋಡಿಸಿದೆ, ಬಿಪಿ ಸರಿಯಾಗೇ ಇತ್ತು.

ಇದಕ್ಕೆ ಪೆರಿಮೆನೋಪಾಸ್ ಅಂತಾರೆ. ಪೂರ್ತಿ 12 ತಿಂಗಳು ಮುಟ್ಟಾಗದೇ ಇದ್ರೆ ಮಾತ್ರ ಮೆನೋಪಾಸ್, ಅದಕ್ಕೂ ಮುಂಚಿನ ನಾಲ್ಕೈದು ವರ್ಷ, ಕೆಲವ್ರಿಗೆ ಎಂಟ್ಹತ್ತು ವರ್ಷ, ಈ ಏರುಪೇರು ನಡೀತಾ ಇರುತ್ತೆ. ನಮ್ಮ ದೇಶದ ಹೆಂಗಸ್ರಿಗೆ ಸರಾಸರಿ 46-47ಕ್ಕೇ ಮುಟ್ಟು ನಿಲ್ಲುತ್ತೆ, ಅಂದ್ರೆ 40 ದಾಟುತ್ತಿದ್ದ ಹಾಗೇ ಇದು ಶುರುವಾದ್ರೂ ಆಶ್ಚರ್ಯ ಇಲ್ಲ. ಈಸ್ಟ್ರೋಜೆನ್ ಅನ್ನೋ ಹೆಣ್ಣಿನ ಹಾರ್ಮೋನ್ ನಿಧಾನಕ್ಕೆ ಇಳಿದು ಹೋಗುತ್ತೆ ಅಂದ್ಕೊಂಡಿದ್ದೆ, ಹಾಗಲ್ವಂತೆ, ಒಂದು ತಿಂಗಳು ಏರುತ್ತೆ, ಇನ್ನೊಂದು ತಿಂಗಳು ದಬಕ್ಕಂತ ಬೀಳುತ್ತೆ. ಅಂಡಾಣು ಬಿಡುಗಡೆ ಆಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಸರಿಯಾಗಿ ತಯಾರಾಗಲ್ಲ, ಗರ್ಭಕೋಶದ ಒಳಪದರ ದಪ್ಪ ಆಗ್ತಾನೇ ಹೋಗುತ್ತೆ, ಆಮೇಲೆ ಅದೆಲ್ಲ ಒಟ್ಟಿಗೆ ಕಳಚ್ಕೊಂಡಾಗ ಬ್ಲೀಡಿಂಗ್ ವಿಪರೀತ.

ಆ ವಿಪರೀತ ಏನು ಅಂತ ಮಾರ್ಚಲ್ಲಿ ಗೊತ್ತಾಯ್ತು. ಏಳನೇ ಕ್ಲಾಸಲ್ಲಿ ಪಾಠ ಮಾಡ್ತಾ ಕೂತಿದ್ದೆ, ಪ್ಯಾಡ್ ಬದಲಾಯಿಸಿ ಒಂದು ಗಂಟೆನೂ ಆಗಿರ್ಲಿಲ್ಲ, ಬಿಸಿಯಾಗಿ ಏನೋ ಜಾರಿದ ಹಾಗಾಯ್ತು, ಕುರ್ಚಿಯಿಂದ ಏಳೋಕೆ ಧೈರ್ಯ ಬರ್ಲಿಲ್ಲ. ಬೆಲ್ ಹೊಡೆದು ಮಕ್ಕಳೆಲ್ಲ ಹೊರಗೆ ಹೋಗೋ ತನಕ ಕೂತೇ ಇದ್ದೆ. ಪಕ್ಕದ ಕ್ಲಾಸಿನ ಮಿಸ್ ಬಂದು ತನ್ನ ಶಾಲನ್ನ ನನ್ನ ಸೊಂಟಕ್ಕೆ ಸುತ್ತಿ, ಏನೂ ಕೇಳದೆ ಆಟೋ ತನಕ ಬಂದ್ರು. ಅವತ್ತು ಅವ್ರು ಮಾಡಿದ್ದನ್ನ ನಾನು ಮರೆಯೋ ಹಾಗಿಲ್ಲ.

ಮೊದಲು ಹೋದ ಡಾಕ್ಟ್ರು ಸ್ಕ್ಯಾನ್ ನೋಡಿ, ಎಷ್ಟು ಮಕ್ಕಳು ಅಂತ ಕೇಳಿ, "ಇಬ್ರಿದಾರಲ್ಲ, ಇನ್ನು ಗರ್ಭಕೋಶ ಇಟ್ಕೊಂಡು ಏನ್ಮಾಡ್ತೀರಾ, ತೆಗೆಸಿಬಿಡಿ, ಮುಂದಿನ ವಾರ ಅಡ್ಮಿಟ್ ಆಗಿ" ಅಂದ್ರು. ಐದು ನಿಮಿಷದ ಮಾತು. ನನ್ನ ಅಮ್ಮನಿಗೂ 1998ರಲ್ಲಿ ಇದೇ ಮಾತು ಹೇಳಿದ್ರು, ಅವ್ರಿಗೆ ಆಗ 41, ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದ್ರು, ಯಾಕೆ ಅಂತ ಮನೇಲಿ ಯಾರೂ ಕೇಳ್ಲಿಲ್ಲ, ಅಮ್ಮನೂ ಕೇಳ್ಲಿಲ್ಲ. ಅಂಡಾಶಯ ತೆಗೆದ್ರೆ ಮೆನೋಪಾಸ್ ಒಂದೇ ದಿನದಲ್ಲಿ ಬಂದು ಬಿಡುತ್ತೆ, ಮೂಳೆ ಸವೆಯೋದೂ ಅಷ್ಟು ಬೇಗ ಶುರುವಾಗುತ್ತೆ. ಬೇಡದ ಗರ್ಭಕೋಶದ ಆಪರೇಷನ್ ತಡೆಯೋಕೆ ಅಂತಾನೇ ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, 2023ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳೂ ಅದನ್ನ ಜಾರಿ ಮಾಡ್ಬೇಕು ಅಂತ ಹೇಳಿದೆ. ಆದ್ರೂ ಆ ರೂಮಲ್ಲಿ ಕೂತಾಗ ನಾನು ಹೂಂ ಅಂತ ತಲೆ ಆಡಿಸಿಬಿಟ್ಟಿದ್ದೆ.

ಮನೆಗೆ ಬಂದು ಅಡುಗೆಮನೆ ಕ್ಯಾಲೆಂಡರ್ ನೋಡ್ತಾ ನಿಂತೆ. ನಾನು ದಿನಾ ಹಾಲಿನ ಲೆಕ್ಕ ಬರೆಯೋದು ಅದರಲ್ಲೇ, ಅರ್ಧ, ಒಂದು, ಒಂದೂವರೆ ಅಂತ. ಆ ಲೆಕ್ಕದ ಪಕ್ಕದಲ್ಲೇ ಜನವರಿಯಿಂದ ಕೆಂಪು ಚುಕ್ಕೆ ಇಡ್ತಾ ಬಂದಿದ್ದೆ, ಜಾಸ್ತಿ ಹೋದ ದಿನ ದಪ್ಪ ಚುಕ್ಕೆ, ನಿದ್ದೆ ಬರದ ರಾತ್ರಿಗೆ 'ನಿ'. ಒಂದ್ಸಲ 19 ದಿನಕ್ಕೇ, ಇನ್ನೊಂದ್ಸಲ 47 ದಿನಕ್ಕೆ, ಮಾರ್ಚಲ್ಲಿ ಸಾಲಾಗಿ 11 ಚುಕ್ಕೆ. ಮೊಬೈಲಲ್ಲಿ ಫೋಟೋ ತೆಗೆದು ಬೇರೆ ಡಾಕ್ಟ್ರ ಹತ್ರ ಹೋದೆ.

ಈ ಮೇಡಂ ಫೋಟೋನ ದೊಡ್ಡದು ಮಾಡಿ ಒಂದೊಂದು ತಿಂಗಳೂ ನೋಡಿದ್ರು. ಹಿಮೋಗ್ಲೋಬಿನ್, ಥೈರಾಯ್ಡ್ ಟೆಸ್ಟ್ ಬರೆದ್ರು, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡೋ ಬಯಾಪ್ಸಿ ಮಾಡಿಸಿದ್ರು, ಯಾಕಂದ್ರೆ 45 ದಾಟಿದವ್ರಿಗೆ ಹೀಗೆ ಬ್ಲೀಡಿಂಗ್ ಆದ್ರೆ ಕ್ಯಾನ್ಸರ್ ಅಲ್ಲ ಅಂತ ಮೊದಲು ಖಾತ್ರಿ ಮಾಡ್ಕೋಬೇಕು. ಈ ಒಂದನ್ನ ಮಾತ್ರ ದಯವಿಟ್ಟು ಯಾರೂ ಮುಂದೂಡಬೇಡಿ. ಬಯಾಪ್ಸಿ ಸರಿ ಇತ್ತು, ಹಿಮೋಗ್ಲೋಬಿನ್ ಮಾತ್ರ ತುಂಬಾ ಕಮ್ಮಿ, 8.2 ಇತ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು, ಸುಮ್ನೆ ಸಿಡುಕೋದು, ಮಕ್ಕಳ ಹೆಸರು ಮರೆಯೋದು ಎಲ್ಲಾ ವಯಸ್ಸಾಯ್ತು ಅಂತ ಬಿಟ್ಟಿದ್ನಲ್ಲ, ಅದರಲ್ಲಿ ಅರ್ಧ ರಕ್ತ ಇಲ್ಲದೇ ಇದ್ದಿದ್ದಕ್ಕೆ.

ಬ್ಲೀಡಿಂಗ್ ಕಮ್ಮಿ ಮಾಡೋಕೆ ಆ ದಿನಗಳಲ್ಲಿ ಮಾತ್ರ ತಗೊಳ್ಳೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ರು (ಕಾಲಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವ್ರಿಗೆ ಇದು ಆಗಲ್ಲ, ಕೇಳ್ದೆ ತಗೋಬೇಡಿ), ಆಮೇಲೆ ಗರ್ಭಕೋಶದೊಳಗೆ ಸ್ವಲ್ಪ ಸ್ವಲ್ಪ ಹಾರ್ಮೋನ್ ಬಿಡೋ ಸಾಧನ ಹಾಕಿದ್ರು, ಅದು ಐದಾರು ವರ್ಷ ಇರುತ್ತೆ, ಗರ್ಭ ನಿಲ್ಲದ ಹಾಗೂ ನೋಡ್ಕೊಳ್ಳುತ್ತೆ. ಮುಟ್ಟು ಹಿಂದೆ ಮುಂದೆ ಆಗೋ ಈ ವಯಸ್ಸಲ್ಲೂ ಬಸಿರಾಗಬಹುದು ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ. ಹಾಕಿಸಿದ ಮೊದಲ ಮೂರು ತಿಂಗಳು ಆಗಾಗ ಕಲೆ ಕಾಣಿಸ್ತಾನೇ ಇತ್ತು, ಬೇಜಾರಾಗಿ ತೆಗೆಸೋಣ ಅಂತಾನೂ ಅನಿಸ್ತು, ಆಮೇಲೆ ಸರಿ ಹೋಯ್ತು. ಐರನ್ ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಬಿಟ್ಟೆ, ಕಾಫಿ ಟೀ ಎರಡೂ ಐರನ್ ಮೈಗೆ ಹತ್ತೋಕೆ ಬಿಡಲ್ಲ, ಈಗ ನಿಂಬೆಹಣ್ಣಿನ ನೀರಲ್ಲಿ ತಗೋತೀನಿ.

ಬಿಸಿ ಏರೋದು ಇನ್ನೂ ಪೂರ್ತಿ ಹೋಗಿಲ್ಲ. ಸಹಿಸೋಕಾಗಲ್ಲ ಅನ್ನೋ ದಿನ ಬಂದ್ರೆ ಹಾರ್ಮೋನ್ ಚಿಕಿತ್ಸೆ ಇದೆ, ಬೇರೆ ತೊಂದರೆ ಇಲ್ಲದವ್ರಿಗೆ 60 ವರ್ಷದ ಒಳಗೆ ಶುರು ಮಾಡಿದ್ರೆ ಅಪಾಯಕ್ಕಿಂತ ಉಪಯೋಗನೇ ಜಾಸ್ತಿ ಅಂದಿದ್ದಾರೆ, ನೋಡೋಣ.

ಹೋದ ಭಾನುವಾರ ಅಮ್ಮನಿಗೆ ಇದನ್ನೆಲ್ಲ ಹೇಳ್ತಾ ಕೂತಿದ್ದೆ. ಅವರೆಕಾಯಿ ಸುಲೀತಾ ಕೇಳ್ತಿದ್ದವ್ರು ಕೈ ನಿಲ್ಲಿಸಿ, "ಆಗ್ಲೂ ಈ ಮಾತ್ರೆ ಇತ್ತೇನೇ?" ಅಂದ್ರು. ಮಾತ್ರೆ ಇತ್ತಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಮತ್ತೆ ಸುಲಿಯೋಕೆ ಶುರು ಮಾಡಿದ್ರು. ಅವ್ರ ಮೂಳೆ ಗಟ್ಟಿ ಎಷ್ಟಿದೆ ಅಂತ ಇಷ್ಟು ವರ್ಷದಲ್ಲಿ ಒಂದ್ಸಲನೂ ನೋಡಿಸಿಲ್ಲ, ಗುರುವಾರ ಡೆಕ್ಸಾ ಸ್ಕ್ಯಾನ್‌ಗೆ ಕರ್ಕೊಂಡು ಹೋಗ್ತಿದೀನಿ.