ಫೋಟೋದೊಳಗೆ ಉಳಿದ ಹೊತ್ತು

ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ಪ್ರತಿ ವರ್ಷ ನನ್ನ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದೊಯ್ಯುತ್ತೇನೆ. ಮೊದಲೆಲ್ಲ ಹೋಗಿಬಂದ ವಾರದಲ್ಲೇ ಪ್ರಬಂಧ ಬರೆಸುತ್ತಿದ್ದೆ. 1472ರಲ್ಲಿ ಕಟ್ಟಿದ್ದು, 1696ರಲ್ಲಿ ಹಾನಿಗೊಂಡದ್ದು ಎಲ್ಲರ ಹಾಳೆಯಲ್ಲೂ ಇರುತ್ತಿತ್ತು. ತಾವೇ ಕಣ್ಣಾರೆ ಕಂಡದ್ದು ಮಾತ್ರ ಒಂದು ಸಾಲೂ ಇರುತ್ತಿರಲಿಲ್ಲ.

ಫೋನಿನಲ್ಲಿ ತೆಗೆದ ಫೋಟೋ ತನ್ನೊಳಗೆ ತಾರೀಖು, ಗಂಟೆ, ನಿಮಿಷವನ್ನು, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶಗಳನ್ನೂ ಇಟ್ಟುಕೊಂಡಿರುತ್ತದೆ. ಈ ಮೆಟಾಡೇಟಾವನ್ನೇ ಪಾಠಕ್ಕೆ ಬಳಸೋಣವೆಂದು ಹೊರಟ ಮೊದಲ ವರ್ಷ, ಚಿತ್ರಗಳನ್ನೆಲ್ಲ ಮೆಸೇಜ್ ಗುಂಪಿಗೆ ಹಾಕಿಸಿ ಕೆಟ್ಟೆ. ಹಾಗೆ ಕಳಿಸಿದ ಫೋಟೋಗಳಲ್ಲಿ ಆ ವಿವರಗಳೇ ಅಳಿಸಿಹೋಗಿದ್ದವು. ಈಗ ಮೂಲ ಫೈಲನ್ನೇ ಶಾಲೆಯ ಕಂಪ್ಯೂಟರಿಗೆ ಹಾಕಿಸಿಕೊಳ್ಳುತ್ತೇನೆ. ಮನೆಯಲ್ಲಿ ಫೋಟೋ ತೆಗೆಯುವಾಗ ಲೊಕೇಶನ್ ಆಫ್ ಇರಲೇಬೇಕೆಂದು ಮಕ್ಕಳಿಗೂ ತಂದೆತಾಯಿಯರಿಗೂ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಫೋನ್ ತಾನಾಗಿ ಬರೆದುಕೊಳ್ಳುವ ವಿವರವಷ್ಟೇ ಸಾಲದು. ಇದನ್ನೇಕೆ ತೆಗೆದೆ, ಇಲ್ಲಿ ಏನು ಅರ್ಥವಾಗಲಿಲ್ಲ ಎಂಬ ಎರಡು ಸಾಲನ್ನು ಅದೇ ದಿನ ಮಕ್ಕಳು ಚಿತ್ರದ ವಿವರಣೆಯಲ್ಲಿ ಸೇರಿಸುತ್ತಾರೆ. ಮೂರು ವಾರ ಕಳೆದ ಮೇಲೆ ಬರಿಯ ಚಿತ್ರವನ್ನು ತೋರಿಸಿ, ಯಾವ ಹೊತ್ತು, ಎಲ್ಲಿ ನಿಂತಿದ್ದೆ, ಇದಕ್ಕೂ ಮೊದಲು ಏನು ನೋಡಿದ್ದೆ ಎಂದು ಕೇಳುತ್ತೇನೆ. ಅವರು ನೆನಪಿಸಿಕೊಂಡು ಬರೆದಾದ ಮೇಲೆಯೇ ವಿವರ ತೆರೆಯುವುದು. ಈ ಕ್ರಮ ತಪ್ಪಬಾರದು. ಉತ್ತರ ಮೊದಲೇ ಕಣ್ಣೆದುರಿಗಿದ್ದರೆ ನೆನಪಿಗೆ ಕೆಲಸವೇ ಇರುವುದಿಲ್ಲ.

ಕಳೆದ ಸಲ ಒಬ್ಬ ಹುಡುಗಿ ಮುಂಭಾಗದ ಟೈಲುಗಳ ಬಗ್ಗೆ "ಬಣ್ಣ ಪೂರ್ತಿ ಮಾಸಿದೆ" ಎಂದು ಬರೆದಿದ್ದಳು. ಅಲ್ಲೇ ಹತ್ತಿರದ ಓಣಿಯ ಹುಡುಗನೊಬ್ಬ ಮರುದಿನ ಶಾಲೆಗೆ ಬರುತ್ತ ತೆಗೆದ ಚಿತ್ರದಲ್ಲಿ ಅವೇ ಟೈಲುಗಳ ನೀಲಿ ಎದ್ದು ಕಾಣುತ್ತಿತ್ತು. ಯಾರದು ಸರಿ ಎಂದು ತರಗತಿಯಲ್ಲಿ ವಾದವೆದ್ದಿತು. ವಿವರ ತೆರೆದಾಗ ಅವಳ ಚಿತ್ರಕ್ಕೆ ಸಂಜೆ 4.20, ಅವನದಕ್ಕೆ ಬೆಳಗಿನ 8.50 ಎಂದಿತ್ತು. ಮದರಸಾದ ಮುಂಭಾಗ ಪೂರ್ವಕ್ಕಿದೆ. ಹೊತ್ತು ಇಳಿದ ಮೇಲೆ ಆ ಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ. ಅವಳು ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತ ನಿಂತು, "ಸರ್, ನಾ ಗ್ವಾಡಿ ಬಗ್ಗೆ ಬರ್ದಿಲ್ರಿ, ನೆಳ್ಳಿನ ಬಗ್ಗೆ ಬರ್ದೀನ್ರಿ" ಎಂದಳು.

ಇಷ್ಟು ವರ್ಷಗಳ ನನ್ನ ಪಾಠದಲ್ಲಿ ಯಾವ ಮಗುವೂ ತಾನು ನೋಡಿದ ಬಗೆಯನ್ನೇ ಹೀಗೆ ಮರಳಿ ನೋಡಿಕೊಂಡಿರಲಿಲ್ಲ. ಹಳೆಯ ಸಾಲನ್ನು ಅಳಿಸಕೂಡದೆಂಬ ನಿಯಮ ನಮ್ಮಲ್ಲಿದೆ. ಅದರ ಕೆಳಗೆ ಅವಳು ಅಂದಿನ ತಾರೀಖು ಹಾಕಿ, "ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು" ಎಂದು ಬರೆದಳು. ಮುಂದಿನ ಶನಿವಾರ ಎಂಟೂವರೆಗೆ ಹನ್ನೊಂದು ಮಕ್ಕಳು ಮದರಸಾದ ಗೇಟಿನ ಬಳಿ ನನಗಿಂತ ಮೊದಲೇ ಬಂದು ನಿಂತಿದ್ದರು.