ಏಳನೇ ಟ್ರೇಯ ಗೋಣಿ ಸೊಪ್ಪು

ಶನಿವಾರ ಬೆಳಗ್ಗೆ ಏಳಕ್ಕೆಲ್ಲ ನಾನು ಕಾಲೇಜಿನ ತಾರಸಿ ಮೇಲಿರುತ್ತೇನೆ. ಬೆಂಗಳೂರಿನ ತಾರಸಿಯಲ್ಲಿ ಆರೈಕೆಯಿಲ್ಲದೆ ಯಾವ ಗಿಡ ಬದುಕುತ್ತದೆ ಅಂತ ನೋಡುವ ಪ್ರಾಜೆಕ್ಟ್ ನಮ್ಮದು. ಹನ್ನೆರಡು ಟ್ರೇಗಳಿವೆ. ಒಂದೊಂದರಲ್ಲೂ ಇಟ್ಟಿಗೆ ಚೂರು, ಕೊಕೊಪೀಟ್, ಒಂದಿಷ್ಟು ಗೊಬ್ಬರ. ಆಳ ಬರೀ 10 ಸೆಂಟಿಮೀಟರ್. ಜಾಸ್ತಿ ಹಾಕುವ ಹಾಗಿಲ್ಲ, ಮಳೆಯಲ್ಲಿ ನೆನೆದ ಮೇಲೆ ಆ ತೂಕವನ್ನೆಲ್ಲ ತಾರಸಿಯೇ ಹೊರಬೇಕಲ್ವಾ?

ಬೆಳವಣಿಗೆ ನೋಡೋದು ಅಂದ್ರೆ ಸ್ಕೇಲ್ ಹಿಡಿದು ಎತ್ತರ ಅಳೆಯೋದು ಅಂದುಕೊಂಡಿದ್ದೆ. ಇಲ್ಲಿ ಎತ್ತರಕ್ಕಿಂತ ಹರಡಿಕೊಳ್ಳುವುದು ಮುಖ್ಯ. ಮಣ್ಣು ಮುಚ್ಚಿದರೇನೇ ತಂಪು. ಅದಕ್ಕೆ 50 ಸೆಂಟಿಮೀಟರ್‌ನ ಪೈಪಿನ ಚೌಕ ಮಾಡಿ, 10 ಸೆಂಟಿಮೀಟರ್‌ಗೊಂದು ದಾರ ಕಟ್ಟಿದ್ದೇವೆ. ದಾರಗಳು 16 ಕಡೆ ಸೇರುತ್ತವೆ. ಅಲ್ಲೆಲ್ಲ ಸಣ್ಣ ಕಂಬಿ ನೇರವಾಗಿ ಇಳಿಸಿ, ಯಾವ ಗಿಡಕ್ಕೆ ಎಷ್ಟು ಸಲ ತಾಗಿತು ಅಂತ ಬರೆಯುತ್ತೇನೆ. ಗಾಳಿ ಎದ್ದರೆ ಎಲೆ ಅಲುಗಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಇಷ್ಟು ಬೇಗ ಬರೋದು.

ಹೊರದೇಶದ ಹಸಿರು ತಾರಸಿಗಳಲ್ಲಿ ಎಲ್ಲೆಲ್ಲೂ ಸೀಡಮ್ ಅನ್ನೋ ದಪ್ಪ ಎಲೆಯ ಪುಟ್ಟ ಗಿಡ. ನಮ್ಮಲ್ಲಿ ಅದು ಮಳೆಗಾಲಕ್ಕೆ ಬುಡ ಕೊಳೆತು ಹೋಯಿತು. ನನಗೆ ತುಂಬಾ ಬೇಜಾರಾಗಿತ್ತು. ದೊಡ್ಡಪತ್ರೆ ತಡೆದುಕೊಂಡಿತು.

ಏಳನೇ ಟ್ರೇಯಲ್ಲಿ ಮಾತ್ರ ಯಾರೂ ನೆಡದ ಗೋಣಿ ಸೊಪ್ಪು ಎದ್ದಿತ್ತು. "ಸರ್, ಕಳೆ ಕೀಳಲಾ?" ಅಂತ ಗೈಡ್ ಹತ್ರ ಕೇಳಿದೆ. "ಬೇಡಮ್ಮ, ಅದನ್ನೂ ಬರ್ಕೋ" ಅಂದರು. ಬರೆದುಕೊಂಡೆ. ಏಪ್ರಿಲ್ ಹೊತ್ತಿಗೆ 16ರಲ್ಲಿ 13 ಕಡೆ ಕಂಬಿಗೆ ಅದೇ ತಾಗುತ್ತಿತ್ತು!

ಕೂತು ನೋಡಿದರೆ ಬಿಟ್ಟು ಏಳೋಕೆ ಮನಸ್ಸಾಗಲ್ಲ. ಕೆಂಪು ದಂಟು, ನೀರು ತುಂಬಿದ ದಪ್ಪ ಎಲೆ. ಕಾಯಿ ಬಲಿತಾಗ ಡಬ್ಬಿಯ ಮುಚ್ಚಳದ ಹಾಗೆ ಮೇಲ್ಭಾಗ ಕಳಚಿಕೊಳ್ಳುತ್ತದೆ. ಒಳಗೆ ಗಸಗಸೆಯಷ್ಟು ಸಣ್ಣ ಕರಿ ಬೀಜ. ನೀರು ಬತ್ತಿದಾಗ ಈ ಗಿಡ ರಾತ್ರಿ ಹೊತ್ತು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಕೂಡಿಟ್ಟುಕೊಳ್ಳುತ್ತದೆ, ಹಗಲಲ್ಲಿ ಬಳಸುತ್ತದೆ. ಬಿಸಿಲಲ್ಲಿ ರಂಧ್ರ ತೆರೆದು ನೀರು ಕಳೆದುಕೊಳ್ಳುವುದು ಹೀಗೆ ತಪ್ಪುತ್ತದೆ. ಇಂಥ ಗಿಡವನ್ನು ಸುಮ್ನೆ ಕಳೆ ಅಂತ ಕಿತ್ತುಬಿಡುತ್ತಿದ್ದೆನಲ್ಲ.

ಹೋದ ವಾರ ತಾರಸಿ ಗುಡಿಸಲು ಬಂದ ಅಕ್ಕ ಟ್ರೇ ಮುಂದೆ ನಿಂತುಬಿಟ್ಟರು. "ಮೇಡಂ, ಗೋಣಿ ಸೊಪ್ಪಲ್ವಾ ಇದು? ಬಸ್ಸಾರಿಗೆ ಎಷ್ಟು ಚೆನ್ನಾಗಿರ್ತದೆ! ಕಿತ್ಕೊಳ್ಲಾ?"

ಚೌಕದೊಳಗಿನದು ಬೇಡ ಅಕ್ಕ ಅಂದೆ. ಟ್ರೇಯ ಅಂಚಿನಿಂದ ಆಚೆ ಜೋತುಬಿದ್ದಿದ್ದ ಕುಡಿಗಳನ್ನು ಕತ್ತರಿಸಿ, ತೂಗಿ, ತಾರೀಖಿನ ಜೊತೆ ಗ್ರಾಂ ಬರೆದುಕೊಂಡೆ. ಆಮೇಲೆ ಅವರ ಸೆರಗಿಗೆ ಹಾಕಿದೆ.